ಹೊಸ್ತಿಲಲ್ಲಿ ಕೈ ಮೂಸುವುದು

ಹೋದ ವಾರ ಚಿಕ್ಕಬಳ್ಳಾಪುರದ ಒಂದು ಚೌಟ್ರಿಗೆ ಮದುವೆಗೆ ಹೋಗಿದ್ದೆ. ಬಾಗಿಲಲ್ಲಿ ಪನ್ನೀರು ಚಿಮುಕಿಸುತ್ತಿದ್ದ ಹುಡುಗಿ ನನ್ನ ಕೈಮೇಲೂ ಚಿಮುಕಿಸಿದಳು. ನಾನು ಒಳಗೆ ಹೋಗದೆ ಅಲ್ಲೇ ನಿಂತು ಅಂಗೈ ಎತ್ತಿ ಮೂಸಿದೆ. ಹಿಂದುಮುಂದು ತಿರುಗಿಸಿ ಇನ್ನೊಮ್ಮೆ ಮೂಸಿದೆ. ಬೆನ್ನ ಹಿಂದೆ ಜನ ಜಮಾಯಿಸಿದರು. ಹುಡುಗಿಯ ಮುಖ ಸಣ್ಣದಾಯಿತು.

“ಯಾಕಜ್ಜಿ, ಪನ್ನೀರು ಚೆನ್ನಾಗಿಲ್ವಾ?”

“ಪನ್ನೀರು ಚೆನ್ನಾಗೇ ಇದೆ ಕಣಮ್ಮ, ನಾನೇ ಸರಿ ಇಲ್ಲ” ಎಂದು ಅವಳ ಕೆನ್ನೆ ತಟ್ಟಿ ಒಳಗೆ ಹೋದೆ.

ಇದು ನನ್ನ ಹಳೆಯ ಚಾಳಿ. ಹೊಸ್ತಿಲು ಕಂಡ ಕೂಡಲೇ ಕೈ ತಾನಾಗಿ ಮೂಗಿನ ಹತ್ತಿರ ಹೋಗುತ್ತದೆ. ದೇವಸ್ಥಾನ, ಬ್ಯಾಂಕು, ಬೀಗರ ಮನೆ ಎಂಬ ಭೇದವಿಲ್ಲ. ಮೊಮ್ಮಗಳು ಇದನ್ನು ಡಾಕ್ಟರಿಗೆ ತೋರಿಸಬೇಕು ಎನ್ನುತ್ತಾಳೆ. ಡಾಕ್ಟರ ಕೋಣೆಯ ಬಾಗಿಲಲ್ಲೂ ಮೂಸಿಯೇ ಒಳಗೆ ಹೋಗುವವಳನ್ನು ತೋರಿಸಿ ಏನು ಪ್ರಯೋಜನ? ಅದರ ಬದಲು ನಿಮ್ಮ ಹತ್ತಿರ ಹೇಳಿಕೊಳ್ಳುವುದು ವಾಸಿ.

ಹಾಗೆ ನೋಡಿದರೆ ನಮ್ಮದು ಮೂಗಿಗೆ ಮರ್ಯಾದೆ ಕೊಟ್ಟ ಮನೆತನ. ಅಪ್ಪ ಚಿಕ್ಕಬಳ್ಳಾಪುರದಲ್ಲಿ ಸ್ಕೂಲು ಮೇಷ್ಟ್ರು. ನಶ್ಯ ಏರಿಸದೆ ಅವರಿಗೆ ಮಗ್ಗಿಯೇ ನೆನಪಾಗುತ್ತಿರಲಿಲ್ಲ. ಅವರು ಸೀನಿದರೆ ಪಕ್ಕದ ಬೀದಿಯ ತೊಟ್ಟಿಲಲ್ಲಿ ಮಗು ಏಳುತ್ತಿತ್ತು. ಅಮ್ಮನ ರಾಜ್ಯದಲ್ಲಿ ಸೋಪು ಎನ್ನುವುದು ಯುಗಾದಿಗೆ, ದೀಪಾವಳಿಗೆ. ಮಿಕ್ಕ ದಿನಗಳಿಗೆ ಸೀಗೇಪುಡಿ, ಕಡಲೆಹಿಟ್ಟು. ಹಬ್ಬದ ದಿನ ಸೋಪು ಹಚ್ಚಿ ಮಿಂದ ಮೇಲೆ ನಾನು ಆ ಕೈಯನ್ನು ಸಂಜೆಯ ತನಕ ಮೂಸುತ್ತಾ ತಿರುಗುತ್ತಿದ್ದೆ. ವಾಸನೆ ಹೋದೀತೆಂದು ಹೋಳಿಗೆಗೂ ಎಡಗೈ ಚಾಚಿ ಬೈಸಿಕೊಂಡಿದ್ದೇನೆ. ಮುಂದೆ ಬೆಂಗಳೂರಿಗೆ ಹೆರಿಗೆ ಮಾಡಿಸುವ ತರಬೇತಿಗೆ ಹೋದಾಗ ಅಲ್ಲಿ ದಿನವೂ ಸೋಪು, ಅದೂ ಕೆಂಪು ಕಾರ್ಬಾಲಿಕ್ ಸೋಪು! ಮೊಣಕೈ ತನಕ ಉಜ್ಜಿ ತೊಳೆಯದೆ ಹೆರುವ ಹೆಂಗಸನ್ನು ಮುಟ್ಟಿದರೆ ಕೈ ಕತ್ತರಿಸುತ್ತೇನೆ ಎಂದು ಮೇಟ್ರನಮ್ಮ ಹೇಳುತ್ತಿದ್ದರು. ಅವರು ಮಾಡಿಯೇ ಬಿಡುವಂಥವರು. ಹಾಗಾಗಿ ಆ ಪಾಠ ಚೆನ್ನಾಗಿ ಹತ್ತಿತು.

ತರಬೇತಿ ಮುಗಿದಾಗ ಐವತ್ತರ ದಶಕವೂ ಮುಗಿಯುತ್ತಾ ಬಂದಿತ್ತು. ನನ್ನನ್ನು ಹಾಕಿದ್ದು ಮಂಡಿಕಲ್ಲಿಗೆ. ಅಲ್ಲಿಂದ ಒಳಗೆ, ಬಂಡೆಬೆಟ್ಟಗಳ ಸಂದಿಯಲ್ಲಿದ್ದ ಹಳ್ಳಿಗಳಿಗೆ ನಡೆದು ಹೋಗಿ ಬಸುರಿ ಬಾಣಂತಿಯರನ್ನು ನೋಡಬೇಕು. ಈಗ ಸ್ಕಂದಗಿರಿಗೆ ಹುಡುಗರು ಸೂರ್ಯ ಹುಟ್ಟುವುದನ್ನು ನೋಡಲು ಸಾಲುಗಟ್ಟಿ ಹತ್ತುತ್ತಾರಂತೆ. ನಮ್ಮ ಬೆಟ್ಟಗಳನ್ನು ನೋಡಲು ಆಗಲೂ ಯಾರೂ ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ. ಸೂರ್ಯ ಮಾತ್ರ ಅಲ್ಲೂ ಹುಟ್ಟುತ್ತಾನೆ. ನಾನು ಹೇಳಹೊರಟಿರುವ ಊರಿಗೆ ಗುಟ್ಟದಹಳ್ಳಿ ಎಂದು ಹೆಸರಿಟ್ಟುಕೊಳ್ಳೋಣ. ಗುಟ್ಟ ಎಂದರೆ ತೆಲುಗಿನಲ್ಲಿ ಬೆಟ್ಟ. ನಿಜವಾದ ಹೆಸರು ಬರೆದರೆ ಆ ಊರಿನವರು ಜಗಳಕ್ಕೆ ಬರುತ್ತಾರೆ, ಅವರಲ್ಲಿ ಅರ್ಧ ಜನ ನನ್ನ ನೆಂಟರು.

ಮದುವೆಯಾಗದ ಹೆಣ್ಣು ಹಳ್ಳಿಹಳ್ಳಿ ತಿರುಗುವುದು ಅಪ್ಪನಿಗೆ ಸುತರಾಂ ಇಷ್ಟವಿರಲಿಲ್ಲ. ಕೊನೆಗೆ ಒಂದು ಕರಾರಿಗೆ ಬಂದರು. “ಯುಗಾದಿ ತನಕ ನೋಡ್ತೀನಿ. ಅಷ್ಟರೊಳಗೆ ನಿನ್ನನ್ನ ನಂಬಿ ಒಬ್ಬಳಾದ್ರೂ ಹೆರಿಗೆಗೆ ಕರೆದ್ರೆ ಕೆಲಸ ಮಾಡ್ಕೊ. ಇಲ್ದಿದ್ರೆ ವಾಪಸು ಬಂದು ಗೌರಿಬಿದನೂರಿನ ಹುಡುಗನ್ನ ಮದುವೆಯಾಗು” ಎಂದರು. ಗೌರಿಬಿದನೂರಿನ ಹುಡುಗ ಕೆಟ್ಟವನೇನಲ್ಲ. ಸೈಕಲ್ ಅಂಗಡಿ ಇತ್ತು, ಗುಣವಂತ. ನಗುವಾಗ ಸದ್ದೇ ಬರುತ್ತಿರಲಿಲ್ಲ, ಅಷ್ಟೇ ನನ್ನ ತಕರಾರು.

ಗುಟ್ಟದಹಳ್ಳಿಯಲ್ಲಿ ಮೊದಲು ಸಿಗುವುದು ವೆಂಕಟಮ್ಮನವರ ಮನೆ. ಅವರು ಊರಿಗೇ ಹಿರಿಯ ಹೆಂಗಸು. ಅಷ್ಟೂ ಮನೆಯ ಹೆರಿಗೆಗಳನ್ನು ಅವರೇ ಮಾಡಿಸುತ್ತಿದ್ದರು. ಅವರ ಹಿರಿಯ ಸೊಸೆ ರತ್ನಮ್ಮ ಬಸುರಿ ಎಂದು ತಿಳಿದು, ನಾನು ಬೆಳಿಗ್ಗೆ ಸೋಪಿನಲ್ಲಿ ಕೈ ಉಜ್ಜಿ, ಬಿಳಿ ಸೀರೆಯುಟ್ಟು, ಚೀಲ ಹಿಡಿದು ಹೋದೆ. ಹೊಸ್ತಿಲಿಗೆ ಕಾಲಿಡುವಷ್ಟರಲ್ಲಿ ಒಳಗಿನಿಂದ “ಅಲ್ಲೇ ನಿಲ್ಲು!” ಎಂಬ ಕೂಗು ಬಂತು. ವೆಂಕಟಮ್ಮ ಬಂದವರೇ “ಕೈ ತಾ” ಎಂದರು. ಬಳೆ ನೋಡುತ್ತಾರೇನೋ ಎಂದು ನೀಡಿದೆ. ಅವರು ನನ್ನ ಕೈಯನ್ನು ಮೂಗಿನ ತನಕ ಎತ್ತಿ ಮೂಸಿ ಬಿಟ್ಟುಬಿಟ್ಟರು.

“ಏನಮ್ಮಾ ಇದು, ಫಿನಾಯ್ಲಾ?”

“ಸೋಪು ಅಮ್ಮ. ರೋಗ ಬರದಂಗೆ ತೊಳ್ಕೊಳ್ಳೋದು.”

“ರೋಗ ನಿಂಗೆ ಬರಲ್ಲ, ನಮ್ ಹುಳಕ್ಕೆ ಬತ್ತದೆ. ಮನೆ ತುಂಬ ಹುಳ ಐತೆ. ಈ ಘಾಟು ತಗುಲಿದ್ರೆ ಒಂದೂ ಉಳಿಯಲ್ಲ. ಹೋಗ್ಬುಡಮ್ಮ ತಲ್ಲೀ” ಎಂದರು. ತಲ್ಲಿ ಎಂದರೆ ತೆಲುಗಿನಲ್ಲಿ ತಾಯಿ; ಅವರ ಮನೆಮಾತು ಅದು.

ರೇಷ್ಮೆ ಹುಳದ ಸೀಮೆಯಲ್ಲಿ ಹುಟ್ಟಿ ಬೆಳೆದವಳು ನಾನು. ಆದರೂ ಪೇಟೆಯವಳು, ಹುಳದ ಸಂಸಾರ ಹತ್ತಿರದಿಂದ ಕಂಡಿರಲಿಲ್ಲ. ಆ ಊರಿನಲ್ಲಿ ಮನೆಯ ನಡುವಿನ ಹಜಾರ ಹುಳಕ್ಕೆ. ಬಿದಿರ ತಟ್ಟೆಗಳ ಅಟ್ಟಣೆ ಸೂರಿನ ತನಕ. ಮಕ್ಕಳುಮರಿ, ಮುದುಕರು, ಮಡಕೆಕುಡಿಕೆ ಎಲ್ಲ ಮೂಲೆಗಳಿಗೆ. ಹುಳವಿದ್ದಷ್ಟು ದಿನ ಒಗ್ಗರಣೆ ಇಲ್ಲ, ಊದುಬತ್ತಿ ಇಲ್ಲ, ಬೀಡಿ ಇಲ್ಲ, ಮುಡಿಯಲ್ಲಿ ಹೂವಿಲ್ಲ. ಹೊಸದಾಗಿ ಮದುವೆಯಾದವರು ಮುಖಕ್ಕೆ ಪೌಡರು ಹಚ್ಚಿದರೂ ಪಂಚಾಯ್ತಿ. ಇದೇ ಜನ ಶಿಡ್ಲಘಟ್ಟಕ್ಕೆ ಗೂಡು ಮಾರಲು ಹೋದಾಗ, ನೂಲು ತೆಗೆಯುವ ಕಡೆ ಬೆಂದ ಹುಳದ ನಾತಕ್ಕೆ ನಾವು ಸೆರಗು ಮುಚ್ಚಿಕೊಳ್ಳುವ ಬೀದಿಯಲ್ಲಿ ನಿಂತು ಹಾಯಾಗಿ ಕಾಫಿ ಕುಡಿಯುತ್ತಾರೆ. ಮೂಗಿಗೂ ಸ್ವಂತ ಊರು ಇರುತ್ತದೆ.

ನಾನು ಸುಮ್ಮನಾಗಲಿಲ್ಲ. ಹೆರಿಗೆಯ ಹೊತ್ತಿಗಷ್ಟೇ ಸೋಪು, ಬರಿಯ ಭೇಟಿಗೆ ಬೇಡ ಎಂದುಕೊಂಡು ಸೀಗೇಪುಡಿಯಲ್ಲಿ ಮಿಂದು ಹೋದೆ. ವೆಂಕಟಮ್ಮ ಕೈ ಬಿಟ್ಟು ತಲೆ ಮೂಸಿದರು. “ವಾಸ್ನೆ ಎಣ್ಣೆ” ಎಂದರು. ಮುಂದಿನ ಸಲ ಎಣ್ಣೆಯಿಲ್ಲದೆ, ಗುಬ್ಬಿಗೂಡಿನಂಥ ತಲೆಯಲ್ಲಿ ಹೋದೆ. “ಬೆಳಿಗ್ಗೆ ಮೂಲಂಗಿ ಹುಳಿ ಉಂಡಿದ್ದೀಯ” ಎಂದರು. ಉಂಡಿದ್ದು ನಿಜ. ಇನ್ನೊಂದು ಸಲ ಏನೂ ತಿನ್ನದೆ ಹೋದರೆ, “ಬೆಳ್ಳುಳ್ಳಿ ಚಟ್ನಿ, ನಿನ್ನೆದು” ಎಂದರು! ಒಟ್ಟಿನಲ್ಲಿ ನಾನು ಏನು ತಿಂದೆ, ಎಲ್ಲಿ ಕೂತೆ, ದಾರಿಯಲ್ಲಿ ಯಾರ ಪಕ್ಕ ನಡೆದು ಬಂದೆ ಎಂಬುದೆಲ್ಲ ಅವರಿಗೆ ಗೊತ್ತಾಗಿಬಿಡುತ್ತಿತ್ತು. ಹೆತ್ತ ತಾಯಿಗೂ ನನ್ನ ಬಗ್ಗೆ ಅಷ್ಟು ಗೊತ್ತಿರಲಿಲ್ಲ. ಅವರು ಮೆಚ್ಚಿದ ವಾಸನೆ ಒಂದೇ. ಅವರೆಕಾಯಿ ಕಾಲದಲ್ಲಿ ಕಾಯಿ ಸುಲಿದು ಹೋದ ದಿನ ನನ್ನ ಬೆರಳುಗಳನ್ನು ಸ್ವಲ್ಪ ಹೆಚ್ಚು ಹೊತ್ತು ಹಿಡಿದುಕೊಂಡಿದ್ದರು. “ಸೊಗಡು ಚೆನ್ನಾಗೈತೆ” ಎಂದರು. ಆದರೂ ಒಳಗೆ ಬಿಡಲಿಲ್ಲ.

ಆ ಊರಿನ ಜಗಲಿಯ ಮೇಲೆ ನಾನು ಕೂತ ಚಳಿ ನನಗೇ ಗೊತ್ತು. ಬಂಡೆಗಳ ನಡುವಿನ ಊರು; ಮಾರ್ಗಶಿರ ಪುಷ್ಯದಲ್ಲಿ ಮಂಜು ಹೊತ್ತೇರಿದರೂ ಏಳುತ್ತಿರಲಿಲ್ಲ. ಒಳಗೆ ಹುಳಕ್ಕೆ ಶೀತವಾದೀತೆಂದು ಬಾಣಲಿಯಲ್ಲಿ ಕೆಂಡ. ಹೊರಗೆ ಸರ್ಕಾರದ ನರ್ಸಮ್ಮ ಹಲ್ಲು ಕಟಕಟ ಕಡಿಯುತ್ತಾ ಕೂತಿದ್ದಾಳೆ. ಅಂಥ ಒಂದು ಬೆಳಿಗ್ಗೆ ಮನೆಯ ಕಿರಿಯ ಮಗ ನಾರಾಯಣಸ್ವಾಮಿ ಕೆಂಡದ ಬಾಣಲಿಯನ್ನು ಎತ್ತಿಕೊಂಡು ಬಂದು ಜಗಲಿಯಲ್ಲಿ ನನ್ನ ಕಾಲ ಹತ್ತಿರ ಇಟ್ಟು, ನನ್ನ ಮುಖ ನೋಡದೆ, ಒಳಕ್ಕೆ ತಿರುಗಿ ಹೇಳಿದರು:

“ಅಮ್ಮಾ, ಹುಳಕ್ಕೆ ಶೆಕೆ ಜಾಸ್ತಿ ಆಗೋಯ್ತು.”

“ಕಣ್ಣು ಕಾಣದಂಗೆ ಮಂಜು ಬೀಳ್ತಾ ಐತೆ, ಹುಳಕ್ಕೆ ಶೆಕೆಯಂತೆ!” ಎಂದರು ವೆಂಕಟಮ್ಮ ಒಳಗಿನಿಂದ.

ಮನೆಯ ಕಿರಿಯ ಮಗನಿಗೂ ಹಿರಿಯರಿಗೆ ಹಚ್ಚುವಂತೆ ‘ಹೇಳಿದರು’ ಎಂದು ಬಹುವಚನ ಹಚ್ಚುತ್ತಿರುವುದರಿಂದ ಕಥೆಯ ಕೊನೆಯನ್ನು ನೀವು ಊಹಿಸಿರುತ್ತೀರಿ. ಊಹಿಸಿ, ಪರವಾಗಿಲ್ಲ. ನನಗೆ ಮಾತ್ರ ಆಗ ಗೊತ್ತಿರಲಿಲ್ಲ. ಬೆಟ್ಟದಲ್ಲಿ ಚಿರತೆ ಇದೆಯೆಂದು ಅವರು ನನ್ನನ್ನು ರಸ್ತೆಯ ತನಕ ಬಿಡಲು ಬರುತ್ತಿದ್ದರು. ನನಗಿಂತ ಬಹಳ ಮುಂದೆ, ಹಿಂದೆ ತಿರುಗದೆ ನಡೆಯುತ್ತಿದ್ದರು. ಚಿರತೆ ಹಿಂದಿನಿಂದ ಬಂದಿದ್ದರೆ ಅವರಿಗೆ ರಸ್ತೆ ಸೇರಿದ ಮೇಲೆಯೇ ಗೊತ್ತಾಗುತ್ತಿತ್ತು. ಒಂದು ದಿನ ನಾನೇ ಕೂಗಿ ಕೇಳಿದೆ: “ನಿಮ್ಮೂರಲ್ಲಿ ನನ್ನನ್ನ ಯಾವತ್ತಾದ್ರೂ ಒಳಗೆ ಬಿಡ್ತಾರಾ?” ಅವರು ನಿಂತರು. ಹಿಂದೆ ತಿರುಗದೆಯೇ “ಬಿಡಬೇಕು” ಎಂದರು. ಮತ್ತೆ ನಡೆದರು. ಅಷ್ಟೇ ಮಾತು. ನಾನು ಮಂಡಿಕಲ್ಲಿನ ನನ್ನ ಬಾಡಿಗೆ ಕೋಣೆಗೆ ಬಂದು ಅದನ್ನೇ ನೆನೆಸಿಕೊಂಡು ಅನ್ನ ಸೀಯಿಸಿದೆ.

ರತ್ನಮ್ಮ ಮಾತ್ರ ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಬಿಡಿಸುವ ನೆಪದಲ್ಲಿ ನನಗೆ ಸಿಗುತ್ತಿದ್ದಳು. ಅಲ್ಲೇ ಬದುವಿನ ಮೇಲೆ ಕೂರಿಸಿ ಅವಳ ಹೊಟ್ಟೆ ನೋಡುತ್ತಿದ್ದೆ. ಅವಳ ಮೊದಲ ಕೂಸು ಹುಟ್ಟಿದ ವಾರದಲ್ಲೇ ತೀರಿಹೋಗಿತ್ತು. “ಅತ್ತೆ ಆವತ್ತಿಂದ ಆ ವಿಷ್ಯ ಎತ್ತಿಲ್ಲ ಅಕ್ಕಾ. ತೊಟ್ಟಿಲನ್ನ ಅಟ್ಟದ ಮೇಲೆ ಹಾಕ್ಬುಟ್ರು” ಎಂದು ಹೇಳಿ, ನನ್ನ ಕೈಯನ್ನು ತನ್ನ ಹೊಟ್ಟೆಯಿಂದ ತೆಗೆಯಲು ಬಿಡಲಿಲ್ಲ. “ಈ ಸಲ ನೀವು ಇರ್ಬೇಕು” ಎಂದಳು. ಅಪ್ಪನ ಕರಾರು, ಗೌರಿಬಿದನೂರು, ಎಲ್ಲ ಆ ಕ್ಷಣಕ್ಕೆ ಸಣ್ಣದಾಗಿ ಕಂಡವು. ನನ್ನನ್ನು ಒಳಗೆ ಬಿಡಲೇಬೇಕಾಗಿದ್ದುದು ಅವಳಿಗಾಗಿ.

ಯುಗಾದಿ ಹತ್ತಿರ ಬಂದಿತ್ತು. ಒಂದು ಬೆಳಿಗ್ಗೆ ನಾರಾಯಣಸ್ವಾಮಿ ಮಂಡಿಕಲ್ಲಿಗೆ ಓಡಿಬಂದು ಬಾಗಿಲು ಬಡಿದರು. ಈ ಸಲ ನನಗಿಂತ ಮುಂದೆ ನಡೆಯಲಿಲ್ಲ. ಚೀಲ ಹೊತ್ತು ಪಕ್ಕದಲ್ಲೇ ಓಡಿದರು. ಹೋಗಿ ನೋಡಿದರೆ ಅಂಗಳದ ಚಪ್ಪರದ ತುಂಬ ಜನ. ಎಂಥ ದಿನ ನೋಡಿ! ಅಂದೇ ಹುಳ ಹಣ್ಣಾಗಲು ಹತ್ತಿತ್ತು. ಮೇವು ಸಾಕು ಮಾಡಿ ಹೊನ್ನಿನ ಬಣ್ಣಕ್ಕೆ ತಿರುಗಿದ ಹುಳವನ್ನು ಒಂದೊಂದಾಗಿ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ಅದಕ್ಕೆ ಕೈಸೇರಿಸಲು ನೆರೆಹೊರೆಯವರೆಲ್ಲ ಬಂದಿದ್ದರು. ಮನೆಯ ಒಂದು ವರ್ಷದ ಬದುಕು ಆ ಹಜಾರದಲ್ಲಿತ್ತು. ಹಜಾರ ದಾಟಿದರೆ ಕತ್ತಲೆಯ ಒಳಕೋಣೆ, ಅಲ್ಲಿ ರತ್ನಮ್ಮ. ನಸುಕಿನಿಂದ ವೆಂಕಟಮ್ಮ ತಮಗೆ ತಿಳಿದದ್ದೆಲ್ಲ ಮಾಡಿ ನೋಡಿದ್ದರು. ಎತ್ತಿ ಆಚೆ ತರುವ ಸ್ಥಿತಿಯಲ್ಲಿ ಅವಳಿರಲಿಲ್ಲ.

ನಾನು ಅಂಗಳದಲ್ಲಿ ಬಿಸಿನೀರು ತರಿಸಿ ಚೀಲದಿಂದ ಕೆಂಪು ಸೋಪು ತೆಗೆದೆ. ವೆಂಕಟಮ್ಮ ಹೊಸ್ತಿಲಿಗೆ ಬಂದು ನಿಂತರು.

“ಅದು ಬ್ಯಾಡ. ಹಂಗೇ ಬಾ.”

“ಸೋಪು ಹಾಕ್ದೆ ನಾನು ಮುಟ್ಟಲ್ಲ ಅಮ್ಮ. ನಿಮ್ಮ ಸೊಸೆಗೆ, ಕೂಸಿಗೆ ನಂಜಾಗುತ್ತೆ.”

ಧೈರ್ಯವಂತೆ ಎಂದು ತಿಳಿಯಬೇಡಿ. ಒಳಗೆ ಬಿಡದಿದ್ದರೆ ಏನು ಮಾಡಬೇಕೆಂದು ನನಗೆ ಗೊತ್ತೇ ಇರಲಿಲ್ಲ. ಒಳಗಿನಿಂದ ರತ್ನಮ್ಮ “ಅಕ್ಕಾ” ಎಂದು ಕೂಗಿದಳು. ಅಮ್ಮಾ ಎನ್ನಲಿಲ್ಲ, ಅತ್ತೇ ಎನ್ನಲಿಲ್ಲ. ವೆಂಕಟಮ್ಮ ಹಜಾರದ ಕಡೆ ತಿರುಗಿ ನೋಡಿದರು, ಆಮೇಲೆ ಅಟ್ಟದ ಕಡೆ ನೋಡಿದರು. ಅವರ ಮೂಗಿನ ಹೊಳ್ಳೆ ಅದುರಿತು.

“ಹೋದ ಸಲ ಸೋಪಿರ್ಲಿಲ್ಲ” ಎಂದರು ಮೆಲ್ಲಗೆ. ಆಮೇಲೆ ಇಡೀ ಊರಿಗೆ ಕೇಳುವಂತೆ, “ನಾರಾಯಣಾ, ಹುಳ ಆಚೆಗೆ ತನ್ನಿ!”

ಎದುರುಮನೆಯ ಸಾಕಮ್ಮ, ಹೊಸದಾಗಿ ಮದುವೆಯಾಗಿ ಬಂದಿದ್ದ ಹುಡುಗಿ, ಗಾಬರಿಯಲ್ಲಿ ಅಂದುಬಿಟ್ಟಳು: “ಹಣ್ಣಾಗೋ ಹುಳನ ಮನೆ ಬಿಡಿಸ್ತಾರಾ ದೊಡ್ಡಮ್ಮ? ಲಕ್ಷ್ಮೀನ ಆಚೆ ಕಳಿಸ್ದಂಗೆ!”

“ಲಕ್ಷ್ಮಿ ಒಳಗೆ ಬರ್ತಾ ಅವ್ಳೆ, ದಾರಿ ಬುಡ್ರೇ!” ಎಂದು ಗದರಿದರು ವೆಂಕಟಮ್ಮ.

ಆಮೇಲೆ ನೋಡಬೇಕಿತ್ತು ನೀವು. ಗಂಡಸರು ಹೆಂಗಸರೆನ್ನದೆ ಸಾಲಾಗಿ ನಿಂತು, ಹುಳದ ತಟ್ಟೆಗಳನ್ನು ತಲೆಯ ಮೇಲೆ ಹೊತ್ತು, ಕೂಸು ಮಲಗಿದ ಮನೆಯಲ್ಲಿ ನಡೆಯುವಂತೆ ಅಡಿಯಿಟ್ಟು ಬೀದಿಯ ಕೊನೆಯ ಭಜನೆ ಮನೆಗೆ ಸಾಗಿಸಿದರು. ಕೊನೆಯ ತಟ್ಟೆ ಅಂಗಳ ದಾಟುವ ತನಕ ನಾನು ಸೋಪು ಹಿಡಿದು ನಿಂತಿದ್ದೆ. ದಾಟಿದ್ದೇ ವೆಂಕಟಮ್ಮ ತಾವೇ ಚೆಂಬು ಎತ್ತಿ ನನ್ನ ಕೈಗೆ ನೀರು ಹೊಯ್ದರು. ಆಮೇಲೆ ತಮ್ಮ ಕೈಯನ್ನೂ ಚಾಚಿ, “ನಂಗೂ ಹಾಕು” ಎಂದರು.

ಒಳಗೆ ನಡೆದದ್ದನ್ನು ಬರೆಯುವುದಿಲ್ಲ. ಕೂಸು ಅಡ್ಡವಾಗಿತ್ತು. ನನಗೆ ಕಲಿತ ವಿದ್ಯೆ ಇತ್ತು, ಅವರಿಗೆ ನುರಿತ ಕೈ ಇತ್ತು; ಒಬ್ಬರೇ ಆಗಿದ್ದರೆ ಇಬ್ಬರಿಂದಲೂ ಆಗುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹೆಣ್ಣು ಕೂಸು ಹುಟ್ಟಿ, ಗುಟ್ಟಗಳಿಗೆ ಕೇಳುವಂತೆ ಅತ್ತಿತು. ವೆಂಕಟಮ್ಮ ಅದನ್ನು ಎತ್ತಿಕೊಂಡು ಮಾಡಿದ ಮೊದಲ ಕೆಲಸವೆಂದರೆ ಮೂಸಿದ್ದು. “ಥೂ, ಸೋಪು!” ಎಂದು ನಗುತ್ತಾ ನಗುತ್ತಾ ಅಳತೊಡಗಿದರು. ನಾನೂ ಅತ್ತೆ. ಹಾಗೆ ಅಳುತ್ತಿರುವಾಗಲೇ ನನಗೆ ಖಚಿತವಾಯಿತು, ಈ ಬೆಟ್ಟಗಳ ಸಂದಿ ಬಿಟ್ಟು ನಾನು ಎಲ್ಲಿಗೂ ಹೋಗುವವಳಲ್ಲ ಎಂದು. ಅಷ್ಟು ಸಂತೋಷವನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಕೂಸಿಗೆ ಲಕ್ಷ್ಮಿ ಎಂದೇ ಹೆಸರಿಟ್ಟರು.

ಹುಳವೇನಾಯಿತು ಎನ್ನುತ್ತೀರಾ? ಭಜನೆ ಮನೆಯಲ್ಲಿ ಗೂಡು ಕಟ್ಟಿದವು. ಸ್ವಲ್ಪ ಹಾಳಾದವು, ಬಹುಪಾಲು ಉಳಿದವು. ಅಲ್ಲಿಯ ರಾಮದೇವರು ಮಾತ್ರ ಗೂಡು ಬಿಡಿಸುವ ತನಕ ಧೂಪವಿಲ್ಲದೆ, ಹೂವಿಲ್ಲದೆ ಕಾಲ ಕಳೆಯಬೇಕಾಯಿತು. ವನವಾಸ ಅವರಿಗೆ ಹೊಸದೇನಲ್ಲವಲ್ಲ ಎಂದು ಊರವರು ಸಮಾಧಾನ ಮಾಡಿಕೊಂಡರು.

ಇದಾದ ಸ್ವಲ್ಪ ದಿನಕ್ಕೆ ನಾರಾಯಣಸ್ವಾಮಿ ಮನೆಯ ಹಿಂದಿನ ಹಿತ್ತಿಲಿನಲ್ಲಿ ಅಡಿಪಾಯ ತೋಡತೊಡಗಿದರು. ಬೆಟ್ಟದಿಂದ ಕಲ್ಲು ತಾವೇ ಹೊತ್ತು ತರುತ್ತಿದ್ದರು. ಹುಳ ಸಾಕಲು ಬೇರೆಯೇ ಮನೆಯಂತೆ! ಆ ಊರಿನಲ್ಲಿ ಅಂಥದ್ದನ್ನು ಯಾರೂ ಕಂಡಿರಲಿಲ್ಲ. ಸಂಜೆಯಾದರೆ ಬೇಲಿಯ ಬಳಿ ಜನ ಸೇರಿ ತಮಾಷೆ ಮಾಡುತ್ತಿದ್ದರು. ನಾನು ಕೂಸಿಗೆ ಎಣ್ಣೆ ನೀರು ನೋಡಲು ಹೋಗಿದ್ದ ದಿನ ಯಾರೋ ಕೇಳಿದರು:

“ಏನಪ್ಪಾ ನಾರಾಯಣ, ಹುಳಕ್ಕೆ ಯಾಕೆ ಬೇರೆ ಮನೆ? ಅಷ್ಟು ದೊಡ್ಡೋರಾದ್ವಾ ಅವು?”

“ಹುಳಕ್ಕಲ್ಲ ಮಾವ, ಸೋಪಿಗೆ” ಎಂದರು ಅವರು, ಕಲ್ಲು ಇಳಿಸುತ್ತಾ. ಹೇಳಿದ ಮೇಲೆ ನಾನು ಹಿತ್ತಿಲ ಬಾಗಿಲಲ್ಲಿ ನಿಂತಿರುವುದು ಕಂಡು ಅವರ ಕಿವಿ ಕೆಂಪಗಾದವು. ನನಗಾಗಿ ಯಾರೂ ಅದಕ್ಕಿಂತ ಚೆನ್ನಾದ ಮಾತು ಆಡಿಲ್ಲ, ಆ ಮೇಲೆ ಅವರೂ ಆಡಲಿಲ್ಲ.

ಅಪ್ಪನನ್ನು ಒಪ್ಪಿಸುವುದು ಇನ್ನೊಂದು ಪುರಾಣ. ಜಾತಿ ಒಂದೇ, ಆದರೆ ಅವರು ಮನೆಯಲ್ಲಿ ತೆಲುಗಾಡುವವರು, ನಾವು ಕನ್ನಡದವರು. ಅಪ್ಪನ ಲೆಕ್ಕದಲ್ಲಿ ನಡುವೆ ಒಂದು ಸಮುದ್ರವೇ ಇತ್ತು. ಆದರೂ ಮಾತುಕತೆಗೆ ಬಂದರು. ಬೀಗರಾಗಬೇಕಾದವರು ಎಂದು ಕೂಡ ನೋಡದೆ ವೆಂಕಟಮ್ಮ ಹೊಸ್ತಿಲಲ್ಲಿ ತಡೆದು ಅವರ ಕೈ ಮೂಸಿದರು. ಹೊಗೆಸೊಪ್ಪು ಎಂದರೆ ಹುಳಕ್ಕೆ ವಿಷ; ಹೊಸ ಮನೆಗೆ ಇನ್ನೂ ಸೂರು ಬಿದ್ದಿರಲಿಲ್ಲ. “ಡಬ್ಬಿ ಆ ಕಲ್ಲು ಮೇಲಿಕ್ಕಿ, ಕೈಕಾಲು ತೊಳ್ಕೊಂಡು ಬನ್ನಿ ಅಣ್ಣಾ” ಎಂದರು. ಜೀವಮಾನದಲ್ಲಿ ಹೆಡ್‌ಮಾಸ್ಟರಿಗೂ ನಶ್ಯದ ಡಬ್ಬಿ ಒಪ್ಪಿಸದ ಅಪ್ಪ, ಬೆಕ್ಕಸಬೆರಗಾಗಿ ಡಬ್ಬಿ ಇಟ್ಟು ಒಳಗೆ ಹೋದರು. ಹಿಂದಿರುಗುವಾಗ ದಾರಿಯಲ್ಲಿ, “ಆಯಮ್ಮ ನಮ್ಮ ಸ್ಕೂಲಿಗೆ ಇನ್‌ಸ್ಪೆಕ್ಟರಾಗಿ ಬರಬೇಕಿತ್ತು” ಎಂದರು. ಅದೇ ಒಪ್ಪಿಗೆ.

ವರ್ಷ ತುಂಬುವ ಹೊತ್ತಿಗೆ ಮದುವೆ ಚಿಕ್ಕಬಳ್ಳಾಪುರದಲ್ಲಿ ಆಯಿತು. ಮಾರನೆಯ ದಿನ ಹೊತ್ತು ನೆತ್ತಿಗೇರುವಷ್ಟರಲ್ಲಿ ಎತ್ತಿನ ಗಾಡಿ ಗುಟ್ಟದಹಳ್ಳಿ ಸೇರಿತು. ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು ಇಟ್ಟಿದ್ದರು. ಒದ್ದು ಒಳಗೆ ಹೋಗಬೇಕು. ಹಜಾರ ಈಗ ಖಾಲಿ. ಹುಳ ಹಿತ್ತಿಲ ಮನೆಯಲ್ಲಿತ್ತು. ರತ್ನಮ್ಮ ಲಕ್ಷ್ಮಿಯನ್ನು ಕಂಕುಳಲ್ಲಿ ಎತ್ತಿಕೊಂಡು ಆರತಿ ಹಿಡಿದು ನಿಂತಿದ್ದಳು. ನಾನು ಕಾಲೆತ್ತಿದೆ.

“ಅಲ್ಲೇ ನಿಲ್ಲು!”

ಕಾಲು ಗಾಳಿಯಲ್ಲೇ ನಿಂತಿತು. ವೆಂಕಟಮ್ಮ, ಈಗ ನನ್ನ ಅತ್ತೆ, ಮುಂದೆ ಬಂದು “ಕೈ ತಾ” ಎಂದರು. ಬೀದಿ ತುಂಬ ಜನ. ಅಪ್ಪ ಗಾಡಿಯ ಹತ್ತಿರ ನಶ್ಯ ಹಿಡಿದ ಬೆರಳನ್ನು ಬೆನ್ನ ಹಿಂದೆ ಬಚ್ಚಿಟ್ಟರು. ಅತ್ತೆ ನನ್ನ ಅಂಗೈ ಮೂಸಿದರು. ಅರಿಸಿನ, ಗಂಧ, ಮದರಂಗಿ, ಮಲ್ಲಿಗೆ, ಎಲ್ಲ ಇತ್ತು. ಅವರ ಹುಬ್ಬು ಗಂಟಾಯಿತು.

“ಸೋಪೆಲ್ಲಿ?”

ನಾನು ಎತ್ತಿದ ಕಾಲನ್ನು ಕೆಳಗಿಟ್ಟೆ.

“ಎದುರುಮನೆ ಸಾಕಮ್ಮ ಬೆಳಿಗ್ಗೆಯಿಂದ ನೋವು ತಿಂತಾ ಅವ್ಳೆ. ನರ್ಸಮ್ಮ ಬಂದ್ಳಾ, ನರ್ಸಮ್ಮ ಬಂದ್ಳಾ ಅಂತ ಒಂದೇ ಸಮ ಕೇಳ್ತಾ ಅವ್ಳೆ. ಅವ್ರ ಹುಳ ಆಗ್ಲೇ ನಮ್ ಹಿತ್ಲ ಮನೆಗೆ ಬಂದವೆ. ಸೇರು ಎಲ್ಲೂ ಓಡೋಗಲ್ಲ. ಹೋಗು, ತೊಳ್ಕೊಂಡು ಹೋಗು.”

ಬಾಸಿಂಗ ಬಿಚ್ಚಿ ಅತ್ತೆಯ ಕೈಗೆ ಕೊಟ್ಟೆ. ನನ್ನವರು ಆಗಲೇ ಗಾಡಿಯಿಂದ ಚೀಲ ಇಳಿಸಿ, ಚೆಂಬಿನಲ್ಲಿ ನೀರು ಹಿಡಿದು ನಿಂತಿದ್ದರು. ಧಾರೆ ಸೀರೆಯನ್ನು ಮೇಲೆ ಸಿಕ್ಕಿಸಿಕೊಂಡು, ಮದರಂಗಿಯ ಕೈಗೆ ಕೆಂಪು ಸೋಪು ಉಜ್ಜಿ ಬೀದಿ ದಾಟಿದೆ.

ಸಾಕಮ್ಮನಿಗೆ ಗಂಡು ಮಗು. ಸಂಜೆ ತಿರುಗಿ ಬರುವ ಹೊತ್ತಿಗೆ ಹೊಸ್ತಿಲ ಮೇಲೆ ಸೇರು ಹಾಗೆಯೇ ಇತ್ತು. ಮನೆಯವರೆಲ್ಲ ಅದನ್ನು ದಾಟದೆ ಹಿತ್ತಿಲ ಬಾಗಿಲಿನಿಂದ ಓಡಾಡುತ್ತಿದ್ದರಂತೆ. ಅತ್ತೆ ಜಗಲಿಯ ಮೇಲೆ ಕಾದು ಕೂತಿದ್ದರು. ನನ್ನನ್ನು ಕಂಡು ಎದ್ದು ಬಂದು, ನನ್ನ ಎರಡು ಕೈಯನ್ನೂ ಹಿಡಿದು, ಕಣ್ಣು ಮುಚ್ಚಿ ಮೂಸಿದರು.

“ಈಗ ಬಾ ಒಳಗೆ” ಎಂದರು.